ಬೆನಿಡಾರ್ಮ್‌ಗೆ ರಜೆ: ಮೊದಲು ಬೀದಿ ಆರಿಸಿ, ಆಮೇಲೆ ಹೋಟೆಲು

ಸ್ಪೇನ್‌ನ ಅಲಿಕಾಂತೆ ಪ್ರಾಂತ್ಯದ ಕಡಲೂರು ಬೆನಿಡಾರ್ಮ್‌ಗೆ ಹೋಗಿ ಬಂದವರ ದೂರುಗಳಲ್ಲಿ ಹೊಸದೇನೂ ಇರುವುದಿಲ್ಲ. ರಾತ್ರಿಯಿಡೀ ನಿದ್ದೆ ಬರಲಿಲ್ಲ. ತರಕಾರಿ ಸಲಾಡ್‌ನಲ್ಲಿ ಮೀನು ಸಿಕ್ಕಿತು. ವೀಸಾ ಕೈಗೆ ಬರುವಷ್ಟರಲ್ಲಿ ವಿಮಾನ ಹಾರಿಹೋಗಿತ್ತು. ಸಂಜೆ ಐದಕ್ಕೆ ಹಸಿವಾದರೆ ಅಡುಗೆಮನೆಗಳೆಲ್ಲ ಮುಚ್ಚಿದ್ದವು. ಇದಕ್ಕೆ ಊರನ್ನು ಬೈದು ಪ್ರಯೋಜನವಿಲ್ಲ. ನಮ್ಮವರು ಮೊದಲು ಅಗ್ಗದ ಟಿಕೆಟ್ ಹಿಡಿಯುತ್ತಾರೆ, ಆಮೇಲೆ ಫೋಟೊ ಚೆನ್ನಾಗಿರುವ ಹೋಟೆಲು, ಕೊನೆಗೆ ವೀಸಾ. ಹೋಟೆಲು ಯಾವ ಬೀದಿಯಲ್ಲಿದೆ ಎಂದು ಗೊತ್ತಾಗುವುದು ಟ್ಯಾಕ್ಸಿ ಇಳಿದ ಮೇಲೆ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಅರ್ಧ ತೊಂದರೆ ಊರು ಬಿಡುವ ಮೊದಲೇ ತೀರುತ್ತದೆ.

ಬೆಂಗಳೂರಿನಿಂದ ಹೊರಡುವವರು ಮತ್ತು ಬ್ರಿಟನ್, ಜರ್ಮನಿ, ನೆದರ್‌ಲ್ಯಾಂಡ್ಸ್‌ನಲ್ಲಿರುವ ಕನ್ನಡಿಗರು, ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ಎಲ್ಲಿ ಇಬ್ಬರ ದಾರಿ ಬೇರೆಯಾಗುತ್ತದೋ ಅಲ್ಲಿ ಹೇಳಿದ್ದೇನೆ.

ಹಂತ 1: ಊರಿನ ಯಾವ ಬದಿ ಎಂದು ತೀರ್ಮಾನಿಸಿ

ಬೇಕಾದ ಸಾಧನ ಒಂದೇ, ಫೋನಿನಲ್ಲಿರುವ ನಕ್ಷೆ. ಹೋಟೆಲ್ ಬುಕಿಂಗ್ ಆ್ಯಪ್ ಈಗಲೇ ತೆರೆಯಬೇಡಿ.

ನಕ್ಷೆಯಲ್ಲಿ ಎರಡು ದೊಡ್ಡ ಕಡಲತೀರಗಳು ಕಾಣುತ್ತವೆ. ಪೂರ್ವಕ್ಕೆ ಸುಮಾರು 2 ಕಿ.ಮೀ. ಉದ್ದದ ಲೆವಾಂಟೆ, ಪಶ್ಚಿಮಕ್ಕೆ ಸುಮಾರು 3 ಕಿ.ಮೀ. ಉದ್ದದ ಪೊನಿಯೆಂಟೆ. ಎರಡರ ನಡುವೆ ಸಮುದ್ರಕ್ಕೆ ಚಾಚಿದ ಬಂಡೆಯ ಮೇಲೆ ಹಳೆ ಊರು, ಅದರ ಬುಡದಲ್ಲಿ ಮಾಲ್ ಪಾಸ್ ಎಂಬ ಪುಟ್ಟ ತೀರ. ಇಷ್ಟನ್ನು ತಲೆಯಲ್ಲಿಟ್ಟುಕೊಂಡರೆ ಉಳಿದದ್ದು ಸುಲಭ.

ಗದ್ದಲವೆಲ್ಲ ಲೆವಾಂಟೆ ಕಡೆ. ಅದರಲ್ಲೂ ಕಡಲಿನಿಂದ ಸ್ವಲ್ಪ ಒಳಗೆ ಹೆರೋನಾ, ಮಯೋರ್ಕಾ, ಇಬಿಸಾ, ಲೆಪಾಂತೊ ಬೀದಿಗಳ ಸುತ್ತ ಬ್ರಿಟಿಷ್ ಪಬ್ಬುಗಳ ದೊಡ್ಡ ಗುಂಪೇ ಇದೆ. ಬೀದಿಯ ಹೆಸರುಗಳನ್ನು ಗುರುತು ಹಾಕಿಕೊಳ್ಳಿ. ಇಲ್ಲಿ ಹಾಡು, ಕುಡಿತ, ಮದುವೆಗೆ ಮುಂಚಿನ ಗೆಳೆಯರ ಮೋಜಿನ ಗುಂಪುಗಳು ಮಧ್ಯಾಹ್ನವೇ ಶುರುವಾಗಿ ನಸುಕಿನವರೆಗೂ ನಡೆಯುತ್ತವೆ. ಆ ಮೋಜಿಗಾಗಿಯೇ ಹೋಗುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಮಕ್ಕಳನ್ನೋ ಅಪ್ಪ-ಅಮ್ಮನನ್ನೋ ಕರೆದುಕೊಂಡು ಇಲ್ಲಿ ಕೋಣೆ ಹಿಡಿದರೆ ಊರಜಾತ್ರೆಯ ಮೈಕ್ ಸೆಟ್ಟಿನ ಪಕ್ಕ ಹಾಸಿಗೆ ಹಾಸಿದ ಹಾಗೆ.

ಲೆವಾಂಟೆಯ ಪೂರ್ವ ತುದಿಗೆ ರಿಂಕೋನ್ ದೆ ಲೊಯಿಶ್ ಎಂದು ಹೆಸರು. ಇಲ್ಲಿ ಹೋಟೆಲು ಅಗ್ಗ, ಆದರೆ ನೆಲ ಏರು. ‘ಕಡಲಿಗೆ ಐದು ನಿಮಿಷ’ ಎಂದು ಬರೆದಿರುತ್ತಾರೆ, ಅದು ಇಳಿಯುವಾಗಿನ ಲೆಕ್ಕ. ಮೊಣಕಾಲು ನೋವಿರುವವರು ಜೊತೆಗಿದ್ದರೆ ನಕ್ಷೆಯ ಬೀದಿ ಚಿತ್ರದಲ್ಲಿ ಹೋಟೆಲಿನಿಂದ ತೀರದವರೆಗೆ ಒಮ್ಮೆ ‘ನಡೆದು’ ನೋಡಿ.

ಪೊನಿಯೆಂಟೆ ಬೇರೆಯೇ ಲೋಕ. ಸ್ಪ್ಯಾನಿಷ್ ಕುಟುಂಬಗಳು ಬರುವುದು ಇಲ್ಲಿಗೆ. ತೀರ ಅಗಲ, ನಡೆಯುವ ದಾರಿ ಸಮತಟ್ಟು, ರಾತ್ರಿ ಸದ್ದು ಕಡಿಮೆ. ಕುಟುಂಬದೊಂದಿಗೆ ಹೋಗುವವರಿಗೆ ನಾನು ಹೇಳುವುದು ಪೊನಿಯೆಂಟೆಯ ಪೂರ್ವದ ಅರ್ಧ, ಅಂದರೆ ಹಳೆ ಊರಿಗೆ ಹತ್ತಿರದ ಭಾಗ. ಗದ್ದಲ ಬೇಕೆನಿಸಿದಾಗ ನಡೆದು ಹೋಗಬಹುದು, ಬೇಡವೆನಿಸಿದಾಗ ನಡೆದು ವಾಪಸ್ ಬರಬಹುದು. ಪಶ್ಚಿಮ ತುದಿಯ ಲಾ ಕಾಲಾ ಕಡೆ 186 ಮೀಟರ್ ಎತ್ತರದ ಗ್ರಾನ್ ಹೋಟೆಲ್ ಬಾಲಿ ಇದೆ. ಎತ್ತರದ ನೋಟಕ್ಕೆ ಮರುಳಾಗಿ ಬುಕ್ ಮಾಡುವವರು ಅಲ್ಲಿಂದ ಹಳೆ ಊರಿಗೆ ಬಸ್ಸೇ ಬೇಕೆಂಬುದನ್ನು ಗಮನಿಸುವುದಿಲ್ಲ.

ಬದಿ ನಿಶ್ಚಯವಾದ ಮೇಲೆ ಆ್ಯಪ್ ತೆರೆದು, ಆ ಪ್ರದೇಶವನ್ನಷ್ಟೇ ಹಿಗ್ಗಿಸಿ ಹುಡುಕಿ. ವಿಮರ್ಶೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರೆದವನ್ನು ಮಾತ್ರ ಓದಿ. ಫೆಬ್ರುವರಿಯಲ್ಲಿ ಹೋದ ಪಿಂಚಣಿದಾರರು ‘ಬಹಳ ಶಾಂತ’ ಎಂದರೆ ಅದು ಆಗಸ್ಟಿಗೆ ಸಾಕ್ಷಿಯಾಗದು. ಎ.ಸಿ. ಇದೆಯೇ ಖಚಿತಪಡಿಸಿಕೊಳ್ಳಿ. ಕಿಟಕಿ ಮುಚ್ಚಿ ಮಲಗಬೇಕಾದರೆ ಅದು ಬೇಕೇ ಬೇಕು.

ಅಪಾಯದ ಸೂಚನೆಗಳು: ಕೋಣೆಯ ಫೋಟೊ ಇಪ್ಪತ್ತು, ಬೀದಿಯ ಫೋಟೊ ಒಂದೂ ಇಲ್ಲ. ಹೋಟೆಲು ‘ವಯಸ್ಕರಿಗೆ ಮಾತ್ರ’ ಎಂದಿದೆ, ನೀವು ಮಕ್ಕಳ ವಯಸ್ಸು ತುಂಬಿಲ್ಲ. ಅಪಾರ್ಟ್‌ಮೆಂಟಾದರೆ ವಿಟಿ ಎಂದು ಶುರುವಾಗುವ ಪ್ರವಾಸಿ ನೋಂದಣಿ ಸಂಖ್ಯೆ ಕಾಣುತ್ತಿಲ್ಲ. ಮಾಲೀಕರು ಆ್ಯಪ್ ಬಿಟ್ಟು ನೇರ ಬ್ಯಾಂಕಿಗೆ ಹಣ ಕಳಿಸಿ ಎನ್ನುತ್ತಾರೆ. ಕೊನೆಯದನ್ನು ಕಂಡರೆ ಅಲ್ಲಿಂದಲೇ ಕೈಬಿಡಿ.

ಹಂತ 2: ತಿಂಗಳು

ಜುಲೈ, ಆಗಸ್ಟ್ ಎಂದರೆ ನೂಕುನುಗ್ಗಲು, ದುಪ್ಪಟ್ಟು ಬೆಲೆ. ಆಗಸ್ಟ್ 15 ಸ್ಪೇನ್‌ನಲ್ಲೂ ರಜೆ, ಅದರ ಆಚೀಚಿನ ವಾರ ತೀರದಲ್ಲಿ ಟವೆಲ್ ಹಾಸಲು ಜಾಗ ಸಿಗುವುದು ಕಷ್ಟ. ನಮ್ಮ ಶಾಲೆಗಳ ಬೇಸಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಆಗ ಬಿಸಿಲು ಹಿತ, ಆದರೆ ನೀರು ತಣ್ಣಗೆ. ಮಲ್ಪೆ, ಗೋಕರ್ಣದ ನೀರಿಗೆ ಒಗ್ಗಿದವರು ಮೊಣಕಾಲಿನವರೆಗೆ ಇಳಿದು ವಾಪಸ್ ಬರುತ್ತಾರೆ. ಈಜಬೇಕೆಂದರೆ ಜೂನ್ ಮಧ್ಯ ಅಥವಾ ಸೆಪ್ಟೆಂಬರ್ ಒಳ್ಳೆಯದು. ಬೇಸಿಗೆಯಿಡೀ ಕಾದ ಸಮುದ್ರ ಸೆಪ್ಟೆಂಬರ್‌ನಲ್ಲೂ ಬೆಚ್ಚಗಿರುತ್ತದೆ, ಜನ ಮಾತ್ರ ಕಡಿಮೆಯಾಗಿರುತ್ತಾರೆ.

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಈ ಕರಾವಳಿಯಲ್ಲಿ ಇದ್ದಕ್ಕಿದ್ದಂತೆ ಭಾರಿ ಮಳೆ ಸುರಿಯುವುದುಂಟು. 2024ರ ಅಕ್ಟೋಬರ್ 29ರಂದು ಪಕ್ಕದ ವಲೆನ್ಸಿಯಾ ಪ್ರಾಂತ್ಯದಲ್ಲಿ ಇಂಥದೇ ಮಳೆಯ ಪ್ರವಾಹಕ್ಕೆ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಸ್ಪೇನ್‌ನ ಹವಾಮಾನ ಸಂಸ್ಥೆ ಎಮೆಟ್ ಹಳದಿ, ಕಿತ್ತಳೆ, ಕೆಂಪು ಎಂದು ಎಚ್ಚರಿಕೆ ಕೊಡುತ್ತದೆ. ಕಿತ್ತಳೆ ಅಥವಾ ಕೆಂಪು ಇದ್ದ ದಿನ ಹಳ್ಳ, ಕಣಿವೆ, ನೆಲಮಾಳಿಗೆಯ ಪಾರ್ಕಿಂಗ್ ಕಡೆ ಸುಳಿಯಬೇಡಿ.

ಬ್ರಿಟನ್‌ನಲ್ಲಿರುವವರು ಇನ್ನೊಂದು ನೋಡಬೇಕು. ಶಾಲೆಗಳ ಅರ್ಧಾವಧಿ ರಜೆಯಲ್ಲಿ ಟಿಕೆಟ್ ಬೆಲೆ ಗಗನಕ್ಕೇರುತ್ತದೆ. ಮಕ್ಕಳಿನ್ನೂ ಶಾಲೆಗೆ ಸೇರಿಲ್ಲದಿದ್ದರೆ ಆ ವಾರಗಳನ್ನು ತಪ್ಪಿಸಿ.

ಹಂತ 3: ವೀಸಾ, ಟಿಕೆಟ್‌ಗಿಂತ ಮೊದಲು

ಅತಿ ಹೆಚ್ಚು ದುಡ್ಡು ಹಾಳಾಗುವುದು ಈ ಹಂತದಲ್ಲಿ. ಭಾರತದ ಪಾಸ್‌ಪೋರ್ಟ್‌ಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ವೀಸಾ ಬೇಕು. ಬ್ರಿಟನ್‌ನಲ್ಲಿ ಕೆಲಸದ ಪರವಾನಗಿ ಇದ್ದರೂ ಬೇಕು. ಅಲ್ಲಿ ಎಷ್ಟೋ ವರ್ಷದಿಂದ ಇದ್ದೇವೆ ಎಂಬ ಧೈರ್ಯದಲ್ಲಿ ಟಿಕೆಟ್ ಕೊಳ್ಳುವವರು ಈಗಲೂ ಇದ್ದಾರೆ. ಜರ್ಮನಿ, ನೆದರ್‌ಲ್ಯಾಂಡ್ಸ್‌ನಂಥ ಷೆಂಗೆನ್ ದೇಶದ ವಾಸ ಪರವಾನಗಿ ಇದ್ದವರಿಗೆ ಮಾತ್ರ ಬೇರೆ ವೀಸಾ ಬೇಡ; ಪಾಸ್‌ಪೋರ್ಟ್ ಮತ್ತು ಆ ಕಾರ್ಡು ಎರಡೂ ಜೊತೆಗಿರಲಿ.

ಮೊದಲು ಅಪಾಯಿಂಟ್‌ಮೆಂಟ್ ಯಾವಾಗ ಸಿಗುತ್ತದೆ ನೋಡಿ. ಸ್ಪೇನ್ ವೀಸಾ ಅರ್ಜಿಗಳನ್ನು ಭಾರತದಲ್ಲೂ ಬ್ರಿಟನ್‌ನಲ್ಲೂ ಬಿಎಲ್‌ಎಸ್ ಎಂಬ ಖಾಸಗಿ ಸಂಸ್ಥೆಯ ಕೇಂದ್ರಗಳು ಸ್ವೀಕರಿಸುತ್ತವೆ. ಪ್ರಯಾಣಕ್ಕೆ 6 ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನದವರೆಗೆ ಹೋಗಬಹುದು. ಬೇಸಿಗೆಯ ಸ್ಲಾಟುಗಳು ಬೇಗ ತುಂಬುವುದರಿಂದ ಮೂರು ತಿಂಗಳ ಅಂತರ ಇಟ್ಟುಕೊಳ್ಳುವುದು ಕ್ಷೇಮ. ಸ್ಲಾಟ್ ಕೊಡಿಸುತ್ತೇವೆ ಎಂದು ಹೆಚ್ಚಿನ ದುಡ್ಡು ಕೇಳುವ ಏಜೆಂಟರಿಂದ ದೂರ ಇರಿ.

ಸ್ಲಾಟ್ ಸಿಕ್ಕ ಮೇಲೆ, ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್ ಮಾಡಿ. ಆನಂತರ ವಿಮಾನದ ಕಾಯ್ದಿರಿಸುವಿಕೆ, ಪೂರ್ತಿ ಹಣ ಕಟ್ಟಿದ ಟಿಕೆಟ್ ಅಲ್ಲ. ಆಮೇಲೆ ಕನಿಷ್ಠ 30,000 ಯೂರೋ ವೈದ್ಯಕೀಯ ರಕ್ಷಣೆಯ, ಇಡೀ ಷೆಂಗೆನ್ ಪ್ರದೇಶಕ್ಕೆ ಅನ್ವಯಿಸುವ ವಿಮೆ. ಈ ಮೂರರಲ್ಲೂ ದಿನಾಂಕ ಒಂದೇ ಇರಬೇಕು. ಬೆಂಗಳೂರಿನಿಂದ ಹೊರಡುವ ದಿನ ಒಂದು, ವಿಮೆ ಶುರುವಾಗುವ ದಿನ ಇನ್ನೊಂದು ಎಂಬಂಥ ಸಣ್ಣ ತಪ್ಪಿಗೇ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ.

ಪಾಸ್‌ಪೋರ್ಟ್ ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಹೊರಡುವ ದಿನದಿಂದ ಮುಂದಕ್ಕೆ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಖಾಲಿ ಪುಟ ಇರಬೇಕು. ಶುಲ್ಕ 2024ರ ಜೂನ್‌ನಿಂದ ವಯಸ್ಕರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಕೇಂದ್ರದ ಸೇವಾಶುಲ್ಕ ಬೇರೆ. ವೀಸಾ ನಿರಾಕರಿಸಿದರೂ ಈ ಹಣ ವಾಪಸ್ ಬರುವುದಿಲ್ಲ.

ಬ್ಯಾಂಕ್ ಸ್ಟೇಟ್‌ಮೆಂಟ್‌ನಲ್ಲಿ ಅರ್ಜಿಗೆ ವಾರ ಮುಂಚೆ ಮಾವನೋ ಭಾವನೋ ಹಾಕಿದ ದೊಡ್ಡ ಮೊತ್ತ ಕಂಡರೆ ಅಧಿಕಾರಿಗೆ ಅರ್ಥವಾಗುತ್ತದೆ. ಕಡಿಮೆ ಇದ್ದರೂ ತಿಂಗಳು ತಿಂಗಳು ಬಂದ ಸಂಬಳ ಅದಕ್ಕಿಂತ ಮೇಲು. ಇನ್ನೊಂದು ತಪ್ಪು, ಸ್ಪೇನ್‌ನಲ್ಲಿ 4 ದಿನ, ಪ್ಯಾರಿಸ್‌ನಲ್ಲಿ 5 ದಿನ ಎಂದು ಬರೆದು ಸ್ಪೇನ್‌ಗೆ ಅರ್ಜಿ ಹಾಕುವುದು. ಹೆಚ್ಚು ದಿನ ಎಲ್ಲಿ ಇರುತ್ತೀರೋ ಆ ದೇಶಕ್ಕೇ ಹಾಕಬೇಕು.

ವೀಸಾ ಬಂದ ಕೂಡಲೇ ಅಂಟಿಸಿದ ಹಾಳೆಯಲ್ಲಿ ಮೂರು ವಿಷಯ ಓದಿ: ಯಾವ ದಿನದಿಂದ ಯಾವ ದಿನದವರೆಗೆ, ಒಟ್ಟು ಎಷ್ಟು ದಿನ, ಎಷ್ಟು ಬಾರಿ ಪ್ರವೇಶ. ಇವು ನಿಮ್ಮ ಯೋಜನೆಗೆ ಹೊಂದಿದ ಮೇಲೆಯೇ ಟಿಕೆಟ್‌ಗೆ ಹಣ ಕಟ್ಟುವುದು.

ಹಂತ 4: ವಿಮಾನ

ಬೆಂಗಳೂರಿನಿಂದ ಅಲಿಕಾಂತೆಗೆ ನೇರ ವಿಮಾನವಿಲ್ಲ. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡಾಮ್ ಮುಂತಾದ ಕಡೆ ಬದಲಿಸಬೇಕು. ಇಮಿಗ್ರೇಷನ್ ನಡೆಯುವುದು ನೀವು ಮೊದಲು ಇಳಿಯುವ ಷೆಂಗೆನ್ ನಿಲ್ದಾಣದಲ್ಲೇ, ಅಲಿಕಾಂತೆಯಲ್ಲಲ್ಲ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ಗಡಿ ವ್ಯವಸ್ಥೆಯಲ್ಲಿ ಬೆರಳಚ್ಚು, ಮುಖಚಿತ್ರ ತೆಗೆಯುವುದರಿಂದ ಸಾಲು ಉದ್ದವಾಗುತ್ತದೆ. ಬದಲಿಸಲು ಒಂದು ಗಂಟೆ ಹತ್ತು ನಿಮಿಷ ಇರುವ ಟಿಕೆಟ್ ಕಾಗದದ ಮೇಲಷ್ಟೇ ಚೆಂದ. ಮೂರು ಗಂಟೆ ಇರಲಿ.

ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಉಳಿತಾಯ ಮಾಡುವವರು ಲೆಕ್ಕ ಪೂರ್ತಿ ಹಾಕುವುದಿಲ್ಲ. ಚೀಲ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು, ಮೊದಲ ವಿಮಾನ ತಡವಾದರೆ ಎರಡನೆಯದರ ಹೊಣೆ ಯಾರದೂ ಅಲ್ಲ. ಲಂಡನ್ ಮೂಲಕ ಅಗ್ಗ ಎಂದು ಹೋಗುವ ಮುಂಚೆ ಬ್ರಿಟನ್‌ನ ಟ್ರಾನ್ಸಿಟ್ ವೀಸಾ ನಿಯಮ ಓದಿ. ಅದಕ್ಕೂ ಷೆಂಗೆನ್‌ಗೂ ಸಂಬಂಧವಿಲ್ಲ.

ಬ್ರಿಟನ್‌ನಿಂದ ಅಗ್ಗದ ವಿಮಾನಗಳಲ್ಲಿ ಹೋಗುವ ಭಾರತೀಯ ಪಾಸ್‌ಪೋರ್ಟ್‌ನವರು ಕೌಂಟರಿಗೆ ಹೋಗಿ ವೀಸಾ ಪರಿಶೀಲನೆ ಮಾಡಿಸಿಕೊಳ್ಳಬೇಕಾಗುತ್ತದೆ. ಬೋರ್ಡಿಂಗ್ ಪಾಸ್ ಫೋನಿನಲ್ಲಿದೆ ಎಂದು ನೇರ ಭದ್ರತಾ ತಪಾಸಣೆಗೆ ಹೋದವರನ್ನು ಗೇಟಿನಿಂದ ವಾಪಸ್ ಕಳಿಸುತ್ತಾರೆ.

ಹಂತ 5: ನಿಲ್ದಾಣದಿಂದ ಕೋಣೆಗೆ

ಅಲಿಕಾಂತೆ ವಿಮಾನ ನಿಲ್ದಾಣದಿಂದ ಬೆನಿಡಾರ್ಮ್‌ಗೆ ನೇರ ಆಲ್ಸಾ ಬಸ್ ಇದೆ, ಮುಕ್ಕಾಲು ಗಂಟೆ ಹಿಡಿಯುತ್ತದೆ. ಟಿಕೆಟ್ ಮೊದಲೇ ಆ್ಯಪ್‌ನಲ್ಲಿ ಕೊಳ್ಳಿ. ಬೇಸಿಗೆಯಲ್ಲಿ ಸೀಟು ತುಂಬುತ್ತದೆ. ರಾತ್ರಿ ತಡವಾಗಿ ಇಳಿಯುವವರು ಕೊನೆಯ ಬಸ್ಸಿನ ವೇಳೆಯನ್ನು ಊರಲ್ಲಿರುವಾಗಲೇ ನೋಡಿಕೊಳ್ಳಬೇಕು. ಬಸ್ ತಪ್ಪಿದರೆ ಟ್ಯಾಕ್ಸಿಗೆ ಅದರ ಹಲವು ಪಟ್ಟು ತೆರಬೇಕಾಗುತ್ತದೆ. ಬೆನಿಡಾರ್ಮ್‌ನ ದೊಡ್ಡ ಬಸ್ ನಿಲ್ದಾಣ ಕಡಲಿನಿಂದ ಒಳಗಿದೆ. ಅಲ್ಲಿಂದ ಸೂಟ್‌ಕೇಸ್ ಎಳೆದುಕೊಂಡು ನಡೆಯುವ ಸಾಹಸ ಬೇಡ, ಊರಿನೊಳಗಿನ ಟ್ಯಾಕ್ಸಿ ದುಬಾರಿಯಲ್ಲ.

ಅಲಿಕಾಂತೆ ನಗರದಲ್ಲಿ ಒಂದು ದಿನ ಕಳೆದು ಹೋಗುವವರಿಗೆ ಲುಸೆರೋಸ್ ನಿಲ್ದಾಣದಿಂದ ಟ್ರಾಮ್ 1ನೇ ಮಾರ್ಗ ಇದೆ. ಒಂದೂಕಾಲು ಗಂಟೆಯ ಪಯಣ, ಬಹುಪಾಲು ಕಡಲ ಬದಿಯಲ್ಲೇ.

ಹೋಟೆಲಿನಲ್ಲಿ ಎಲ್ಲರ ಪಾಸ್‌ಪೋರ್ಟ್ ಕೇಳುತ್ತಾರೆ, ಅದು ಕಾನೂನು. ವಿವರ ಬರೆದುಕೊಂಡು ವಾಪಸ್ ಪಡೆಯಿರಿ. ಕೋಣೆಗೆ ಹೋದ ತಕ್ಷಣ ಚೀಲ ಬಿಚ್ಚುವ ಮೊದಲು ಕಿಟಕಿ ತೆರೆದು ಕೆಳಗೆ ಏನಿದೆ ನೋಡಿ. ಕೆಳಗೆ ಬಾರ್ ಇದ್ದರೆ ಆಗಲೇ ಇಳಿದು ಕೋಣೆ ಬದಲಿಸಲು ಕೇಳಿ. ರಾತ್ರಿ ಎರಡಕ್ಕೆ ಕೇಳಿದರೆ ಖಾಲಿ ಕೋಣೆ ಇರುವುದಿಲ್ಲ. ನಮ್ಮ ದಪ್ಪ ಮೂರು ಪಿನ್ನಿನ ಪ್ಲಗ್ ಅಲ್ಲಿ ಹೋಗದು, ಯುರೋಪಿನ ಎರಡು ಪಿನ್ ಅಡಾಪ್ಟರ್ ಬೇಕು.

ಹಂತ 6: ಕಡಲು

ನೀರಿಗಿಳಿಯುವ ಮುಂಚೆ ಬಾವುಟ ನೋಡಿ. ಹಸಿರಿದ್ದರೆ ಸರಿ, ಹಳದಿಗೆ ಎಚ್ಚರ, ಕೆಂಪಿಗೆ ಇಳಿಯುವಂತಿಲ್ಲ, ಇಳಿದರೆ ದಂಡ. ಅಲೆ ಚಿಕ್ಕದಾಗಿ ಕಂಡಿತು, ಅರಬ್ಬಿ ಸಮುದ್ರದ ಮುಂದೆ ಇದೇನು ಎಂದುಕೊಳ್ಳುವವರು ನಮ್ಮಲ್ಲಿ ಬಹಳ. ಪೂರ್ವದ ಗಾಳಿ ಬೀಸಿದ ದಿನ ಇಲ್ಲಿನ ಸೆಳೆತ ಕಣ್ಣಿಗೆ ಕಾಣುವುದಕ್ಕಿಂತ ಜೋರು. ಅಂಬಲಿ ಮೀನಿನ (ಜೆಲ್ಲಿಫಿಶ್) ಚಿತ್ರವಿರುವ ಬಾವುಟ ಕಂಡರೆ ಮಕ್ಕಳನ್ನು ಇಳಿಸಬೇಡಿ. ಕುಟುಕಿದರೆ ಸಮುದ್ರದ ನೀರಿನಲ್ಲೇ ತೊಳೆದು ಜೀವರಕ್ಷಕರ ಬಳಿ ಹೋಗಿ. ಕುಡಿಯುವ ನೀರು ಸುರಿಯುವುದು, ಮರಳು ಹಚ್ಚಿ ಉಜ್ಜುವುದು ಎರಡೂ ಉರಿ ಹೆಚ್ಚಿಸುತ್ತವೆ.

ನಸುಕಿಗೇ ಛತ್ರಿ ನೆಟ್ಟು ಜಾಗ ಹಿಡಿದು, ಹೋಟೆಲಿಗೆ ಹೋಗಿ ತಿಂಡಿ ತಿಂದು ಬರುವುದಕ್ಕೆ ಅವಕಾಶವಿಲ್ಲ. ಛತ್ರಿ ಎತ್ತಿಕೊಂಡು ಹೋಗುತ್ತಾರೆ, ದಂಡವೂ ಬೀಳಬಹುದು. ಮಧ್ಯರಾತ್ರಿಯ ನಂತರ ಈಜುವುದು, ತೀರದಲ್ಲಿ ಮಲಗುವುದು ಕೂಡ ನಿಷಿದ್ಧ.

ನಡೆಯಲಾಗದ ಹಿರಿಯರಿದ್ದರೆ ಒಂದು ಒಳ್ಳೆಯ ಸುದ್ದಿ. ಲೆವಾಂಟೆ, ಪೊನಿಯೆಂಟೆ ಎರಡರಲ್ಲೂ ಗಾಲಿಕುರ್ಚಿಯವರಿಗೆ ನೀರಿಗಿಳಿಯಲು ನೆರವಾಗುವ ತಾಣಗಳಿವೆ, ನೀರಿನಲ್ಲಿ ತೇಲುವ ಕುರ್ಚಿಗಳೂ ಇವೆ. ಋತುವಿನಲ್ಲಿ ಕೇಳಿದರೆ ಸಿಗುತ್ತವೆ.

ಬಿಸಿಲು ನಮಗೆ ಹೊಸದಲ್ಲ ಎಂದು ಸನ್‌ಸ್ಕ್ರೀನ್ ಬಿಡಬೇಡಿ. ಜೂನ್‌ನಲ್ಲಿ ರಾತ್ರಿ ಒಂಬತ್ತು ದಾಟಿದರೂ ಬೆಳಕಿರುತ್ತದೆ. ಮಧ್ಯಾಹ್ನ ಎರಡರಿಂದ ಐದು ಕೋಣೆಯಲ್ಲಿ ನಿದ್ದೆ ಮಾಡಿ. ಊರಿನವರೂ ಹಾಗೇ ಮಾಡುವುದು.

ಹಂತ 7: ಊಟ

ಗಡಿಯಾರ ಬದಲಿಸಿಕೊಳ್ಳಿ. ಸ್ಪ್ಯಾನಿಷ್ ಹೋಟೆಲುಗಳಲ್ಲಿ ಮಧ್ಯಾಹ್ನದ ಊಟ ಒಂದೂವರೆಯಿಂದ ನಾಲ್ಕರವರೆಗೆ, ರಾತ್ರಿಯದು ಎಂಟೂವರೆಯ ನಂತರ. ಮಧ್ಯಾಹ್ನದ ‘ಮೆನು ದೆಲ್ ದಿಯಾ’ದಲ್ಲಿ ಎರಡು ಬಗೆ ಪದಾರ್ಥ, ಬ್ರೆಡ್ಡು, ಕೊನೆಗೆ ಸಿಹಿ ಅಥವಾ ಕಾಫಿ ಒಂದೇ ಬೆಲೆಗೆ ಬರುತ್ತದೆ. ದಿನದ ದೊಡ್ಡ ಊಟ ಅದೇ ಆಗಲಿ.

ಸಸ್ಯಾಹಾರಿಗಳು ‘ವೆಜ್’ ಎಂದು ಹೇಳಿ ಸುಮ್ಮನಾಗಬಾರದು. ‘ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಾಮೋನ್, ಸಿನ್ ಅತೂನ್’ ಎನ್ನಿ. ಮಾಂಸ ಬೇಡ, ಮೀನು ಬೇಡ, ಹಂದಿಮಾಂಸ ಬೇಡ, ಟ್ಯೂನಾ ಬೇಡ ಎಂದರ್ಥ. ಎನ್ಸಲಾದಾ ಮಿಕ್ಸ್ತಾ ಎಂಬ ಸಾದಾ ಸಲಾಡ್‌ನ ಮೇಲೆ ಟ್ಯೂನಾ ಇರುವುದೇ ವಾಡಿಕೆ. ತರಕಾರಿ ಪಯೆಯಾ ಎಂಬ ಅನ್ನದ ಖಾದ್ಯ ಕೂಡ ಕೋಳಿ ಅಥವಾ ಮೀನಿನ ಸಾರಿನಲ್ಲಿ ಬೆಂದಿರಬಹುದು, ‘ಕಾಲ್ದೊ ದೆ ವೆರ್ದೂರಾಸ್?’, ಅಂದರೆ ತರಕಾರಿ ಸಾರೇ, ಎಂದು ಕೇಳಿ. ಕ್ರೊಕೆತಾ ಎಂಬ ಕರಿದ ಉಂಡೆಗಳ ಒಳಗೆ ಹೆಚ್ಚಾಗಿ ಹಂದಿಮಾಂಸ. ಸಾಲ್ಮೊರೆಹೊ ಎಂಬ ತಣ್ಣನೆಯ ಟೊಮೆಟೊ ಸಾರಿನ ಮೇಲೆ ಅದನ್ನೇ ಉದುರಿಸುತ್ತಾರೆ.

ಹೆಚ್ಚು ಯೋಚಿಸದೆ ಆರ್ಡರ್ ಮಾಡಬಹುದಾದವು: ಟೊಮೆಟೊ ಸವರಿದ ಬ್ರೆಡ್ಡು ಪಾನ್ ಕೋನ್ ತೊಮಾತೆ, ಖಾರದ ಸಾಸಿನ ಆಲೂಗಡ್ಡೆ ಪತಾತಾಸ್ ಬ್ರಾವಾಸ್, ಹುರಿದ ಹಸಿರು ಮೆಣಸಿನಕಾಯಿ ಪಿಮಿಯೆಂತೋಸ್ ದೆ ಪದ್ರೋನ್, ಜೇನು ಹಾಕಿದ ಬದನೆಕಾಯಿ. ಮೊಟ್ಟೆ ತಿನ್ನುವವರಿಗೆ ಆಲೂಗಡ್ಡೆ ಆಮ್ಲೆಟ್ ತೊರ್ತಿಯಾ ದೆ ಪತಾತಾಸ್. ಹಳೆ ಊರಿನ ಸಾಂತೊ ದೊಮಿಂಗೊ ಬೀದಿಯ ಸುತ್ತ ತಾಪಾಸ್ (ಸಣ್ಣ ತಟ್ಟೆಯ ತಿನಿಸು) ಅಂಗಡಿಗಳು ಸಾಲಾಗಿವೆ. ಒಂದೊಂದು ಕಡೆ ಒಂದೊಂದು ತಟ್ಟೆ ತಿನ್ನುತ್ತ ಸಾಗುವುದು ಅಲ್ಲಿನ ಪದ್ಧತಿ. ಅನ್ನ-ಸಾರಿಲ್ಲದೆ ಆಗದವರಿಗೆ ಭಾರತೀಯ ಹೋಟೆಲುಗಳು ಬೇಕಾದಷ್ಟಿವೆ. ಅಡುಗೆ ಬ್ರಿಟಿಷರ ನಾಲಿಗೆಗೆ ಹೊಂದಿಸಿದ್ದು, ಖಾರ ಕೇಳಿ ಹಾಕಿಸಿಕೊಳ್ಳಬೇಕು. ಅಡುಗೆಮನೆಯಿರುವ ಅಪಾರ್ಟ್‌ಮೆಂಟ್ ಹಿಡಿದು ಎಂಟಿಆರ್ ಪುಡಿ ಒಯ್ದವರು ಜಾಣರು.

ಕಾರ್ಡ್ ಯಂತ್ರ ರೂಪಾಯಿಯೋ ಯೂರೋವೋ ಎಂದು ಕೇಳಿದರೆ ಯಾವಾಗಲೂ ಯೂರೋ ಒತ್ತಿ. ರೂಪಾಯಿ ಒತ್ತಿದರೆ ದರ ಅವರು ಹೇಳಿದ್ದು.

ಹಂತ 8: ರಾತ್ರಿ ಮತ್ತು ಜೇಬು

ಪಾಸ್‌ಪೋರ್ಟ್ ಕೋಣೆಯ ಲಾಕರ್‌ನಲ್ಲಿಟ್ಟು ಅದರ ಪ್ರತಿ ಒಯ್ಯಿರಿ. ಒಂದು ಕಾರ್ಡು, ಸ್ವಲ್ಪ ನಗದು ಸಾಕು.

ಲೆವಾಂಟೆ ಬೀದಿಗಳಲ್ಲಿ ಮೂರು ಮುಚ್ಚಳದ ಕೆಳಗೆ ಕಾಳು ಅಡಗಿಸುವ ಜೂಜಿನವರು ಕಾಣುತ್ತಾರೆ. ಸುತ್ತ ನಿಂತು ಗೆಲ್ಲುತ್ತಿರುವವರೆಲ್ಲ ಅವರದೇ ಜನ. ನಿಂತು ನೋಡುವುದೂ ಬೇಡ, ನೋಡುವಾಗಲೇ ಹಿಂದಿನ ಜೇಬು ಖಾಲಿಯಾಗುತ್ತದೆ. ಹೂ ಹಿಡಿದು ಹತ್ತಿರ ಬಂದು ಅಪ್ಪಿಕೊಳ್ಳಲು ನೋಡುವ ಹೆಂಗಸರ ಹಳೆಯ ತಂತ್ರವೂ ಇದೆ. ಕೈ ಚಾಚಿ ತಡೆದು ಮುಂದೆ ಹೋಗಿ, ಸಂಕೋಚ ಬೇಡ.

ಸ್ಪೇನ್‌ನಲ್ಲಿ ಮದ್ಯವನ್ನು ಅಳತೆಯಿಲ್ಲದೆ ಸುರಿಯುತ್ತಾರೆ. ನಮ್ಮ ಪೆಗ್ಗಿನ ಲೆಕ್ಕ ಇಟ್ಟುಕೊಂಡು ಕುಡಿದವರು ಎರಡನೆಯ ಗ್ಲಾಸಿಗೇ ಅಡ್ಡಾಗುತ್ತಾರೆ. ರಸ್ತೆಯಲ್ಲಿ ಕುಡಿಯುವಂತಿಲ್ಲ. ಬಾಲ್ಕನಿಯ ಕಂಬಿಯ ಮೇಲೆ ಕೂರುವುದು, ಪಕ್ಕದ ಬಾಲ್ಕನಿಗೆ ದಾಟುವುದು ಈ ಕರಾವಳಿಯಲ್ಲಿ ಜೀವಗಳನ್ನೇ ತೆಗೆದಿದೆ.

ಕಳವಾದರೆ ಪೊಲೀಸ್ ಠಾಣೆಯಲ್ಲಿ ‘ದೆನೂನ್ಸಿಯಾ’ (ದೂರು) ಬರೆಸಿ ಪ್ರತಿ ಪಡೆಯಲೇಬೇಕು, ಇಲ್ಲದಿದ್ದರೆ ವಿಮೆ ಹಣ ಕೊಡದು. ಪಾಸ್‌ಪೋರ್ಟ್ ಹೋದರೂ ಮ್ಯಾಡ್ರಿಡ್‌ನ ಭಾರತೀಯ ರಾಯಭಾರ ಕಚೇರಿಯಂಥವರು ಮೊದಲು ಕೇಳುವುದು ಅದನ್ನೇ. ಯಾವ ತುರ್ತಿಗೂ 112.

ಹಂತ 9: ಒಂದು ದಿನ ಊರಾಚೆ

ಗದ್ದಲ ಸಾಕಾದಾಗ ಟ್ರಾಮ್ 9ನೇ ಮಾರ್ಗದಲ್ಲಿ ಕಾಲು ಗಂಟೆ ಹೋದರೆ ಅಲ್ತೆಯಾ. ಬೆಳ್ಳನೆಯ ಮನೆಗಳ ಗುಡ್ಡದೂರು, ಮೆಟ್ಟಿಲು ಜಾಸ್ತಿ. ಮಕ್ಕಳೊಂದಿಗೆ ನಡೆಯಲು ಆಲ್ಬಿರ್ ದೀಪಸ್ತಂಭದ ದಾರಿ ಒಳ್ಳೆಯದು. ಸೆರ್ರಾ ಜೆಲಾಡಾ ನಿಸರ್ಗ ಉದ್ಯಾನದಲ್ಲಿ ಒಂದು ಕಡೆಗೆ ಸುಮಾರು ಎರಡೂವರೆ ಕಿ.ಮೀ. ಡಾಂಬರು ದಾರಿ. ನೆರಳು ಕಡಿಮೆ, ಬೆಳಿಗ್ಗೆಯೇ ನೀರು ಹಿಡಿದು ಹೊರಡಿ.

ಕಯೋಸಾ ಬಳಿಯ ಆಲ್ಗಾರ್ ಜಲಪಾತಗಳಿಗೆ ಹೋಗುವವರು ರಬ್ಬರ್ ಶೂ ಒಯ್ಯಬೇಕು. ಬಂಡೆ ಜಾರುತ್ತದೆ, ಆಗಸ್ಟ್‌ನಲ್ಲೂ ನೀರು ಕೊರೆಯುತ್ತದೆ. ಬಂಡೆಯ ಮೇಲಿನ ಕೋಟೆಯೂರು ಗ್ವಾದಲೆಸ್ಟ್‌ಗೆ ಬಸ್ಸುಗಳು ಕಡಿಮೆ. ಹೋಗುವ ಬಸ್ಸಿಗಿಂತ ವಾಪಸ್ ಬರುವ ಬಸ್ಸಿನ ವೇಳೆ ಮೊದಲು ಬರೆದುಕೊಳ್ಳಿ. ಕಾರು ಬಾಡಿಗೆಗೆ ಪಡೆಯುವುದಾದರೆ ಕರ್ನಾಟಕದ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಬೇಕು. ಆ ಒಂದು ದಿನಕ್ಕಷ್ಟೇ ಪಡೆಯಿರಿ, ಬೆನಿಡಾರ್ಮ್ ಒಳಗೆ ಪಾರ್ಕಿಂಗ್ ಹುಡುಕುವುದರಲ್ಲೇ ರಜೆ ಮುಗಿಯುತ್ತದೆ.

ಆಕ್ವಾಲಾಂಡಿಯಾ ನೀರಿನ ಪಾರ್ಕ್ ಚಳಿಗಾಲದಲ್ಲಿ ಮುಚ್ಚಿರುತ್ತದೆ, ತೆರಾ ಮಿಟಿಕಾ ಥೀಮ್ ಪಾರ್ಕ್ ಕೂಡ ವರ್ಷವಿಡೀ ತೆರೆದಿರುವುದಿಲ್ಲ. ಮಕ್ಕಳಿಗೆ ಮಾತು ಕೊಡುವ ಮುನ್ನ ತೆರೆದಿರುವ ದಿನಗಳ ಪಟ್ಟಿ ನೋಡಿ.

ಹಂತ 10: ವಾಪಸ್

ಕೊನೆಯ ಬೆಳಿಗ್ಗೆಯ ಬಸ್ ಟಿಕೆಟನ್ನು ಹಿಂದಿನ ದಿನವೇ ಕೊಂಡಿಡಿ. ಕೋಣೆ ಖಾಲಿ ಮಾಡಿದ ಮೇಲೆ ವಿಮಾನಕ್ಕೆ ಸಮಯವಿದ್ದರೆ ಚೀಲಗಳನ್ನು ಹೋಟೆಲಿನವರು ಇಟ್ಟುಕೊಳ್ಳುತ್ತಾರೆ, ಕೇಳಿದರೆ ಸಾಕು. ಫ್ರಾಂಕ್‌ಫರ್ಟ್ ಅಥವಾ ಪ್ಯಾರಿಸ್ ಮೂಲಕ ಬೆಂಗಳೂರಿಗೆ ಹೊರಡುವವರಿಗೆ ನಿರ್ಗಮನದ ಪಾಸ್‌ಪೋರ್ಟ್ ತಪಾಸಣೆ ಅಲ್ಲೇ ಇರುತ್ತದೆ. ಹಾಗಾಗಿ ಬರುವಾಗ ಇಟ್ಟುಕೊಂಡ ಮೂರು ಗಂಟೆಯ ಅಂತರ ಹೋಗುವಾಗಲೂ ಬೇಕು. ವೀಸಾ ಮುಗಿಯುವ ದಿನವೇ ಟಿಕೆಟ್ ಇಟ್ಟುಕೊಳ್ಳಬೇಡಿ. ವಿಮಾನ ರದ್ದಾದರೆ ಮರುದಿನಕ್ಕೆ ವೀಸಾ ಉಳಿದಿರುವುದಿಲ್ಲ.